ನಾಯಿಯ ತಟ್ಟೆ, ವೈದ್ಯರ ಚೀಟಿ

ನಾಯಿಗೆ ಮನೆಯಲ್ಲೇ ಅಡುಗೆ ಮಾಡಿ ಹಾಕುವುದನ್ನು ಹೇಳಿಕೊಡುವ ಪುಸ್ತಕಗಳಿಗೆ, ಬರಹಗಳಿಗೆ ಕೊರತೆಯಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಪಶುವೈದ್ಯಕೀಯ ಶಾಲೆಯ ತಜ್ಞರು ಅಂಥ 200 ಅಡುಗೆಗಳನ್ನು ಆರಿಸಿಕೊಂಡು, ಒಂದೊಂದರಲ್ಲೂ ಯಾವ ಪೋಷಕಾಂಶ ಎಷ್ಟಿದೆ ಎಂದು ಲೆಕ್ಕ ಹಾಕಿ 2013ರಲ್ಲಿ ಪ್ರಕಟಿಸಿದರು. 190 ಅಡುಗೆಗಳಲ್ಲಿ ನಾಯಿಗೆ ಬೇಕೇ ಬೇಕಾದ ಒಂದಾದರೂ ಅಂಶ ಕಡಿಮೆ ಬಿದ್ದಿತ್ತು. 167ರಲ್ಲಿ ಒಂದಕ್ಕಿಂತ ಹೆಚ್ಚು ಕೊರತೆಗಳಿದ್ದವು. ಆ 200ರಲ್ಲಿ 129 ಅಡುಗೆಗಳನ್ನು ಬರೆದವರು ಸ್ವತಃ ಪಶುವೈದ್ಯರು ಎಂಬುದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಪುಟ ತಿರುಗಿಸಲಿಲ್ಲ. ಅಮೆರಿಕದ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘ 'ಆಫ್ಕೊ' ಗೊತ್ತುಪಡಿಸಿದ ಕನಿಷ್ಠ ಪ್ರಮಾಣವನ್ನು ಪೂರ್ತಿಯಾಗಿ ಮುಟ್ಟಿದ ಅಡುಗೆಗಳು 9 ಮಾತ್ರ. ಆ 9ರಲ್ಲಿ 8 ವೈದ್ಯರು ಬರೆದವೇ.

ಈ ಎರಡು ಸಂಗತಿಗಳನ್ನೂ ಒಟ್ಟಿಗೇ ಹಿಡಿದುಕೊಳ್ಳಬೇಕು. ವೈದ್ಯರು ಹೇಳಿದರು ಎಂಬ ಒಂದೇ ಕಾರಣಕ್ಕೆ ಊಟ ಸರಿಯಾಗಿರುವುದಿಲ್ಲ. ಸರಿಯಾದ ಊಟ ವೈದ್ಯರ ನೆರವಿಲ್ಲದೆ ಸಿಗುವುದೂ ಅಪರೂಪ. ಹಾಗಾದರೆ ಅವರ ಮಾತನ್ನು ತೂಗುವುದು ಹೇಗೆ? ನನ್ನ ಮಟ್ಟಿಗೆ ಅದಕ್ಕೆ ಎರಡು ಪ್ರಶ್ನೆ ಸಾಕು: ಈ ಸಲಹೆಗೆ ಕಾರಣವೇನು, ಅದು ಫಲಿಸಿತೋ ಇಲ್ಲವೋ ಎಂದು ಯಾವುದನ್ನು ಅಳೆದು ತಿಳಿಯುವುದು? ಇವೆರಡಕ್ಕೂ ಉತ್ತರವಿರುವ ಸಲಹೆ ನೆಚ್ಚಬಹುದಾದದ್ದು. ಎರಡೂ ಇಲ್ಲದ ಸಲಹೆ ಅಜ್ಜಿಯದಾದರೂ ಅಷ್ಟೇ, ಪೆಟ್ ಶಾಪಿನವನದಾದರೂ ಅಷ್ಟೇ, ಬಿಳಿ ಕೋಟು ತೊಟ್ಟವರದಾದರೂ ಅಷ್ಟೇ.

ನಮ್ಮಲ್ಲಿ ಮರಿ ಮನೆಗೆ ಬಂದ ವಾರದಲ್ಲೇ ಮಾತುಗಳು ಶುರುವಾಗುತ್ತವೆ. ಮರಿ ಮಾರಿದವರು ಮೂರು ಹೊತ್ತು ಸೆರೆಲ್ಯಾಕ್ ಹಾಕಿ ಎಂದಿರುತ್ತಾರೆ. ಮನೆಯ ಹಿರಿಯರು, "ನಮ್ಮ ಕಾಲದಲ್ಲಿ ನಾಯಿ ಮುದ್ದೆ ತಿಂದುಕೊಂಡು ಹದಿನೈದು ವರ್ಷ ಬದುಕಲಿಲ್ಲವೇ" ಎನ್ನುತ್ತಾರೆ. ಬೆಳಗಿನ ವಾಕಿಂಗ್‌ನಲ್ಲಿ ಸಿಗುವ ಗೆಳೆಯರು, ನಾಯಿ ಎಂದರೆ ತೋಳದ ಕುಲ, ಹಸಿ ಮಾಂಸವೇ ಅದರ ಆಹಾರ, ಧಾನ್ಯ ಅದಕ್ಕೆ ವಿಷ ಎಂದು ಬಿಡುತ್ತಾರೆ.

ಕೊನೆಯ ಮಾತಿನಿಂದಲೇ ಆರಂಭಿಸೋಣ, ಏಕೆಂದರೆ ಅದಕ್ಕೆ ಉತ್ತರ ನಾಯಿಯ ವಂಶವಾಹಿಯಲ್ಲೇ ಸಿಕ್ಕಿದೆ. ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋಳ ಮತ್ತು ನಾಯಿಯ ವಂಶವಾಹಿಗಳನ್ನು ಹೋಲಿಸಿ ಬರೆದರು. ಪಿಷ್ಟವನ್ನು ಒಡೆಯುವ ಅಮೈಲೇಸ್ ಕಿಣ್ವಕ್ಕೆ ಕಾರಣವಾದ ಜೀನಿನ ಪ್ರತಿಗಳು ತೋಳದಲ್ಲಿ 2 ಇದ್ದರೆ, ನಾಯಿಗಳಲ್ಲಿ 4ರಿಂದ 30ರವರೆಗೂ ಇದ್ದವು. ಬೇಸಾಯ ಕಲಿತ ಮನುಷ್ಯನ ಒಲೆಯ ಪಕ್ಕದಲ್ಲಿ ಸಾವಿರಾರು ವರ್ಷ ಕುಳಿತು, ಅವನು ಹಾಕಿದ್ದನ್ನು ತಿಂದು ಬೆಳೆದ ಪ್ರಾಣಿ ಇದು. ಬೇಸಾಯದ ನಾಡುಗಳಿಂದ ದೂರವೇ ಉಳಿದ ಆಸ್ಟ್ರೇಲಿಯಾದ ಡಿಂಗೊದಲ್ಲಿ ಇಂದಿಗೂ ಎರಡೇ ಪ್ರತಿ. ಮುಧೋಳದ ಕಡೆ ಬೇಟೆನಾಯಿಗೆ ಜೋಳದ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ಹಾಕಿ ಬೆಳೆಸಿದವರು ತಪ್ಪೇನೂ ಮಾಡಲಿಲ್ಲ. ಚೆನ್ನಾಗಿ ಬೆಂದ ಅನ್ನ, ರಾಗಿ, ಜೋಳ ನಾಯಿಯ ಹೊಟ್ಟೆಗೆ ಒಗ್ಗುತ್ತವೆ.

ಒಗ್ಗುವುದು ಒಂದು, ಸಾಲುವುದು ಇನ್ನೊಂದು. ನಮ್ಮ ಮನೆಗಳ ನಿಜವಾದ ತೊಂದರೆ ಇರುವುದು ಈ ಸಾಲದಿರುವಲ್ಲಿ.

ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ನಾಯಿಯ ಊಟವೆಂದರೆ ಮೂಳೆಯಿಲ್ಲದ ಕೋಳಿ ಮಾಂಸ, ಅನ್ನ, ಒಂದಿಷ್ಟು ಕ್ಯಾರೆಟ್. ನೋಡಿದರೆ ಎಲ್ಲವೂ ಇರುವಂತೆ ಕಾಣುತ್ತದೆ. ನಾಯಿಯೂ ತಟ್ಟೆ ನೆಕ್ಕಿ ಬಿಡುತ್ತದೆ. ಕ್ಯಾಲ್ಸಿಯಂ ಲೆಕ್ಕ ಹಾಕಿ ನೋಡಿ. ಬೆಳೆದ ನಾಯಿಗೆ ಪ್ರತಿ 1000 ಕ್ಯಾಲೊರಿ ಊಟದಲ್ಲಿ ಕನಿಷ್ಠ 1,250 ಮಿಲಿಗ್ರಾಂ ಕ್ಯಾಲ್ಸಿಯಂ ಇರಬೇಕೆಂದು ಆಫ್ಕೊ ಹೇಳುತ್ತದೆ. ಬೆಳೆಯುವ ಮರಿಗೆ 3,000 ಮಿಲಿಗ್ರಾಂ. 1000 ಕ್ಯಾಲೊರಿಯಷ್ಟು ಕೋಳಿ-ಅನ್ನದಲ್ಲಿ ಸಿಗುವುದು 100 ಮಿಲಿಗ್ರಾಂ ದಾಟುವುದೂ ಕಷ್ಟ. ಇದೇ ಮಾಂಸದಲ್ಲಿ ರಂಜಕ ಧಾರಾಳವಾಗಿದೆ, ಕ್ಯಾಲ್ಸಿಯಂನ ಹದಿನೈದಿಪ್ಪತ್ತು ಪಟ್ಟು. ನಾಯಿಗೆ ಬೇಕಿರುವುದು ಇದಕ್ಕೆ ತಿರುಗುಮುರುಗು: ರಂಜಕ ಒಂದು ಪಾಲಿದ್ದರೆ ಕ್ಯಾಲ್ಸಿಯಂ ಒಂದರಿಂದ ಎರಡು ಪಾಲು. ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯತೊಡಗಿದರೆ ದೇಹ ಸುಮ್ಮನಿರುವುದಿಲ್ಲ. ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿ ಎಚ್ಚೆತ್ತು ಮೂಳೆಯಿಂದ ಕ್ಯಾಲ್ಸಿಯಂ ಕಿತ್ತು ರಕ್ತಕ್ಕೆ ತುಂಬುತ್ತದೆ. ಹೀಗಾಗಿ ರಕ್ತಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತಿರುತ್ತದೆ, ಒಳಗೆ ಮೂಳೆ ಸವೆಯುತ್ತಿರುತ್ತದೆ. ಬೆಳೆದ ನಾಯಿ ಇದನ್ನು ವರ್ಷಗಟ್ಟಲೆ ತಡೆದುಕೊಂಡೀತು. ಮರಿಯಲ್ಲಿ ಕೆಲವೇ ವಾರಗಳಲ್ಲಿ ಕಾಲು ಸೊಟ್ಟಗಾಗುತ್ತದೆ, ಎತ್ತಿಕೊಂಡರೆ ಕುಂಯ್‌ಗುಟ್ಟುತ್ತದೆ, ಸೋಫಾದಿಂದ ಹಾರಿದ್ದಕ್ಕೇ ಮೂಳೆ ಮುರಿಯುತ್ತದೆ.

"ನಾವು ರಾಗಿ ಹಾಕುತ್ತೇವಲ್ಲ, ರಾಗಿಯಲ್ಲಿ ಕ್ಯಾಲ್ಸಿಯಂ ಇದೆಯಲ್ಲ" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ, ಸುಮಾರು 320 ಕ್ಯಾಲೊರಿ. ಅಂದರೆ ನಾಯಿ ರಾಗಿಯೊಂದನ್ನೇ ತಿಂದು 1000 ಕ್ಯಾಲೊರಿ ತುಂಬಿಸಿಕೊಂಡರೂ ಸಿಗುವುದು 1,140 ಮಿಲಿಗ್ರಾಂ ಆಸುಪಾಸು. ಬೆಳೆದ ನಾಯಿಯ ಅಗತ್ಯಕ್ಕೆ ಹತ್ತಿರ ಬಂತು, ಮುಟ್ಟಲಿಲ್ಲ. ಮರಿಯ ಅಗತ್ಯದ ಮೂರನೇ ಒಂದು ಪಾಲು ಮಾತ್ರ. ಅದರಲ್ಲೂ ರಾಗಿಯ ಫೈಟೇಟ್ ಒಂದಷ್ಟನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ಸಿಗದಂತೆ ಮಾಡುತ್ತದೆ. ಎಲ್ಲ ಧಾನ್ಯಗಳಿಗಿಂತ ಈ ವಿಷಯದಲ್ಲಿ ರಾಗಿ ಮೇಲು ಎಂಬುದರಲ್ಲಿ ಸಂಶಯವಿಲ್ಲ. ಅಂಬಲಿಯನ್ನೋ ಮುದ್ದೆಯನ್ನೋ ಊಟದ ಒಂದು ಪಾಲಾಗಿ ಹಾಕಿ. ಅದನ್ನೇ ನೆಚ್ಚಿ ಮರಿ ಬೆಳೆಸಬೇಡಿ. ಮೊಸರನ್ನದ ಕಥೆಯೂ ಹೆಚ್ಚುಕಡಿಮೆ ಇದೇ. ಮೊಸರಿನಲ್ಲಿ ಕ್ಯಾಲ್ಸಿಯಂ ಇದೆ, ಹಾಲಿಗಿಂತ ಸಲೀಸಾಗಿ ಅರಗುತ್ತದೆ. ಆದರೆ ಕಬ್ಬಿಣ, ತಾಮ್ರ, ಜಿಂಕ್ ಅದರಲ್ಲಿ ತೀರ ಕಡಿಮೆ. ಮೊಸರನ್ನದ ಮೇಲೇ ಬೆಳೆದ ನಾಯಿಯ ರೋಮ ಮಂಕಾಗುವುದಕ್ಕೆ, ಚರ್ಮ ಹೊಪ್ಪಳಿಕೆ ಏಳುವುದಕ್ಕೆ ಎಷ್ಟೋ ಸಲ ಈ ಕೊರತೆಗಳೇ ಕಾರಣ.

ಇನ್ನೊಂದು ನಂಬಿಕೆಯನ್ನೂ ಇಲ್ಲೇ ತಿದ್ದಬೇಕು. ಮರಿಯನ್ನು ಎಳೆಬಿಸಿಲಿಗೆ ಬಿಟ್ಟರೆ ಡಿ ಜೀವಸತ್ವ ಸಿಗುತ್ತದೆ ಎನ್ನುತ್ತಾರೆ. ಮನುಷ್ಯನ ಚರ್ಮ ಮಾಡುವ ಆ ಕೆಲಸವನ್ನು ನಾಯಿಯ ಚರ್ಮ ಮಾಡುವುದಿಲ್ಲ. ಬೇಕಾದ ಮೂಲವಸ್ತು ಅಲ್ಲಿ ಸಾಕಷ್ಟಿರುವುದಿಲ್ಲ. ನಾಯಿಗೆ ಡಿ ಜೀವಸತ್ವ ಬಾಯಿಂದಲೇ ಹೋಗಬೇಕು: ಮೊಟ್ಟೆಯ ಹಳದಿ, ಮೀನು, ಇಲ್ಲವೇ ಅಳತೆಯ ಔಷಧಿ.

ಇಷ್ಟು ಓದಿದವರು ಕೂಡಲೇ ಮೆಡಿಕಲ್ ಶಾಪಿಗೆ ಹೋಗಿ ಕ್ಯಾಲ್ಸಿಯಂ ಸಿರಪ್ ತಂದರೆ? ಅದಕ್ಕೇ ನನಗೆ ಹೆಚ್ಚು ಭಯ. ಮರಿ ಎಂದ ಕೂಡಲೇ ಕ್ಯಾಲ್ಸಿಯಂ ಟಾನಿಕ್ ಬರೆದುಕೊಡುವ ಅಭ್ಯಾಸ ನಮ್ಮ ಕ್ಲಿನಿಕ್ಕುಗಳಲ್ಲಿ ಇನ್ನೂ ಹೋಗಿಲ್ಲ. ಮರಿ ಈಗಾಗಲೇ ಒಳ್ಳೆಯ ಪಪ್ಪಿ ಫುಡ್ ತಿನ್ನುತ್ತಿದ್ದರೆ ಅದಕ್ಕೆ ಬೇಕಾದಷ್ಟು ಕ್ಯಾಲ್ಸಿಯಂ ಅದರಲ್ಲೇ ಇದೆ. ಮೇಲಿಂದ ಸಿರಪ್ ಸುರಿದರೆ, ಬೆಳೆದ ನಾಯಿ ಹೆಚ್ಚಾದದ್ದನ್ನು ಕರುಳಿನಲ್ಲೇ ತಡೆದು ಹೊರಹಾಕುತ್ತದೆ. ಮೊದಲ ಕೆಲವು ತಿಂಗಳು ಮರಿಗೆ ಆ ಶಕ್ತಿ ಇರುವುದಿಲ್ಲ, ಬಂದದ್ದನ್ನೆಲ್ಲ ಒಳಗೆಳೆದುಕೊಳ್ಳುತ್ತದೆ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ಗ್ರೇಟ್ ಡೇನ್ ಮರಿಗಳಿಗೆ ಹೆಚ್ಚುವರಿ ಕ್ಯಾಲ್ಸಿಯಂ ಕೊಟ್ಟು ನೋಡಿದಾಗ ಅವುಗಳ ಮೂಳೆ, ಕೀಲುಗಳ ಬೆಳವಣಿಗೆಯೇ ಕೆಟ್ಟಿತು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ರಾಟ್‌ವೈಲರ್‌ನಂಥ ದೊಡ್ಡ ತಳಿಗಳ ಮರಿಗೆ ಕೊರತೆ ಎಷ್ಟು ಕೆಟ್ಟದ್ದೋ ಹೆಚ್ಚಳವೂ ಅಷ್ಟೇ ಕೆಟ್ಟದ್ದು. ಆದ್ದರಿಂದ ವೈದ್ಯರು ಸಿರಪ್ ಬರೆದಾಗ ವಿನಯದಿಂದಲೇ ಕೇಳಿ: "ಡಾಕ್ಟ್ರೇ, ಈಗ ಇದು ತಿನ್ನುತ್ತಿರುವ ಊಟದಲ್ಲಿ ಕ್ಯಾಲ್ಸಿಯಂ ಎಷ್ಟಾಗುತ್ತದೆ? ಅದರ ಮೇಲೆ ಎಷ್ಟು ಬೇಕು?" ಮರಿ ಏನು ತಿನ್ನುತ್ತಿದೆ ಎಂದು ವಿಚಾರಿಸದೆ ಟಾನಿಕ್ ಬರೆದಿದ್ದರೆ ಆ ಚೀಟಿಗೆ ಆಧಾರವಿಲ್ಲ. ಕೋಳಿ-ಅನ್ನ ತಿನ್ನುವ ಮರಿಗೆ ಅದೇ ಔಷಧಿ ಕಾಲು ಉಳಿಸೀತು, ಪ್ಯಾಕೆಟ್ ಊಟದ ಮರಿಗೆ ಕಾಲು ಕೆಡಿಸೀತು.

ಮನೆಯಡುಗೆಯನ್ನೇ ಹಾಕುವ ಮನಸ್ಸಿದ್ದರೆ ದಾರಿ ಮುಚ್ಚಿಲ್ಲ. ಒಂದು ಮೊಟ್ಟೆಯ ಸಿಪ್ಪೆಯಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇದೆ. ಕುದಿಸಿ, ಒಣಗಿಸಿ, ನುಣ್ಣಗೆ ಪುಡಿ ಮಾಡಿ ಅಳೆದು ಬೆರೆಸಬಹುದು. ಆದರೆ ಜಿಂಕ್, ತಾಮ್ರ, ಅಯೋಡಿನ್, ಕೋಲಿನ್, ಡಿ ಮತ್ತು ಇ ಜೀವಸತ್ವಗಳು ಸಿಪ್ಪೆಯಿಂದ ಬರುವುದಿಲ್ಲ. ಇವತ್ತು ಕೋಳಿ, ನಾಳೆ ಮೀನು, ನಾಡಿದ್ದು ಮೊಟ್ಟೆ ಎಂದು ಬದಲಿಸುತ್ತಿದ್ದರೆ ಎಲ್ಲ ಸರಿದೂಗುತ್ತದೆ ಎಂಬ ಸಮಾಧಾನವನ್ನೂ ಡೇವಿಸ್ ತಂಡ ಪರೀಕ್ಷಿಸಿತ್ತು. ಬಹಳಷ್ಟು ಅಡುಗೆಗಳಲ್ಲಿ ಕೊರತೆ ಒಂದೇ ಅಂಶಗಳದ್ದಾದ್ದರಿಂದ ಬದಲಿಸಿ ಬದಲಿಸಿ ಹಾಕಿದರೂ ತುಂಬಿ ಬರುವುದಿಲ್ಲ. ಗ್ರಾಂ ಲೆಕ್ಕದಲ್ಲಿ ಬರೆದ ಅಡುಗೆ, ಅದಕ್ಕೆಂದೇ ಲೆಕ್ಕ ಹಾಕಿದ ಖನಿಜ-ಜೀವಸತ್ವದ ಮಿಶ್ರಣ, ಇವೆರಡೂ ಬೇಕು. "ಒಂದು ಹಿಡಿ ಅನ್ನ, ಸ್ವಲ್ಪ ಚಿಕನ್" ಎಂದು ಬಾಯಲ್ಲಿ ಹೇಳಿದ್ದು ಪಥ್ಯವಾಗದು.

ಸಸ್ಯಾಹಾರಿ ಮನೆಗಳಲ್ಲೂ ಇದೇ ನಿಯಮ. ಬೆಕ್ಕಿಗೆ ಮಾಂಸವಿಲ್ಲದೆ ಆಗದು. ನಾಯಿ ತನಗೆ ಬೇಕಾದ ಟಾರಿನ್ ಎಂಬ ಅಂಶವನ್ನು ಬೇರೆ ಅಮೈನೋ ಆಮ್ಲಗಳಿಂದ ತಾನೇ ತಯಾರಿಸಿಕೊಳ್ಳಬಲ್ಲದು. ಮೊಟ್ಟೆ, ಪನೀರು ಹಾಕಲು ಒಪ್ಪುವ ಮನೆಯಲ್ಲಿ ತಜ್ಞರ ಲೆಕ್ಕದೊಂದಿಗೆ ಸಸ್ಯಾಹಾರಿ ನಾಯಿ ಆರೋಗ್ಯವಾಗಿ ಬಾಳಬಹುದು. ಬರೀ ಬೇಳೆ-ಅನ್ನದ ಮೇಲೆ ಮರಿ ಬೆಳೆಸುವುದನ್ನು ಮಾತ್ರ ನಾನು ಒಪ್ಪಲಾರೆ.

ಉಳಿದ ಸಾರನ್ನ ನಾಯಿಗೆ ಹಾಕುವ ರೂಢಿಯ ಬಗ್ಗೆಯೂ ಎರಡು ಮಾತು. ಒಗ್ಗರಣೆಯ ಈರುಳ್ಳಿ, ಬೆಳ್ಳುಳ್ಳಿ ಬೆಂದಿದ್ದರೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದಿನಾ ಸ್ವಲ್ಪ ಸ್ವಲ್ಪ ಹೋದರೂ ರಕ್ತಹೀನತೆ ಬಂದೀತು. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತವೆ ಎಂಬುದು ಹಳೆಯ ತಿಳಿವಳಿಕೆ, ಏಕೆ ಎಂಬುದು ಮಾತ್ರ ಬಹುಕಾಲ ಬಿಡಿಸಲಾಗದೆ ಉಳಿದಿತ್ತು. ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಅಮೆರಿಕದ ವಿಷಚಿಕಿತ್ಸಾ ತಜ್ಞರು ಈಚಿನ ವರ್ಷಗಳಲ್ಲಿ ಮುಂದಿಟ್ಟರು. ಅವರಿಗೆ ಆ ಸುಳಿವು ಸಿಕ್ಕ ಪ್ರಕರಣಗಳಲ್ಲಿ ಹುಣಸೆಹಣ್ಣು ತಿಂದು ಮೂತ್ರಪಿಂಡ ಕೈಕೊಟ್ಟ ನಾಯಿಯೂ ಇತ್ತು. ಹುಳಿ, ಗೊಜ್ಜು, ಪುಳಿಯೋಗರೆಯ ನಾಡಿನವರು ನಾವು. ಒಂದು ತುತ್ತು ಸಾರನ್ನದಿಂದ ಏನೂ ಆಗದಿರಬಹುದು, ಎಷ್ಟೋ ನಾಯಿಗಳಿಗೆ ಆಗಿಲ್ಲ. ಆದರೂ ನಾಯಿಯ ಪಾಲಿನ ಅನ್ನವನ್ನು ಹುಳಿ ಬೀಳುವ ಮೊದಲೇ ಎತ್ತಿಡುವುದಕ್ಕೆ ಕಷ್ಟವೇನು? ಚಾಕೊಲೆಟ್ ಕೊಡಬಾರದೆಂದು ಈಗ ಮಕ್ಕಳಿಗೂ ಗೊತ್ತು. ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್ಮಿನಲ್ಲಿರುವ ಜೈಲಿಟಾಲ್ ಅದಕ್ಕಿಂತ ವೇಗವಾಗಿ ಕೊಲ್ಲಬಲ್ಲದು. ರಕ್ತದ ಸಕ್ಕರೆ ಕುಸಿದು ನಾಯಿ ತೂರಾಡತೊಡಗಿದರೆ ಮನೆಮದ್ದಿಗೆ ಸಮಯವಿಲ್ಲ.

ಹಸಿ ಮಾಂಸದವರಿಗೂ ನಮ್ಮ ನೆಲದ ಒಂದು ಎಚ್ಚರಿಕೆ ಇದೆ. ಕುರಿ-ಮೇಕೆಯ ಹಸಿ ಈಲಿ, ಶ್ವಾಸಕೋಶಗಳನ್ನು ಕಸಾಯಿಖಾನೆಯಿಂದ ತಂದು ಹಾಕಿದರೆ ಎಕಿನೋಕಾಕಸ್ ಎಂಬ ಲಾಡಿಹುಳು ನಾಯಿಯ ಹೊಟ್ಟೆ ಸೇರುತ್ತದೆ. ಅದರ ಮೊಟ್ಟೆ ನಾಯಿಯ ಮಲದಿಂದ ಮನೆಯ ಮಕ್ಕಳ ಕೈಗೆ, ಬಾಯಿಗೆ ಹೋದರೆ ಅವರ ಈಲಿಯಲ್ಲಿ, ಶ್ವಾಸಕೋಶದಲ್ಲಿ ನೀರುಗಡ್ಡೆ ಬೆಳೆಯುತ್ತದೆ. ಸಾಲ್ಮೊನೆಲ್ಲಾದ ಮಾತು ಬೇರೆಯೇ ಇದೆ. ಬೇಯಿಸಿ ಹಾಕಿ, ಬೇಯಿಸಿದ ಮೂಳೆಯನ್ನು ಮಾತ್ರ ಹಾಕಬೇಡಿ, ಅದು ಸೀಳಿ ಚೂಪಾಗಿ ಕರುಳಿಗೆ ಚುಚ್ಚುತ್ತದೆ.

ಇನ್ನು ಪ್ಯಾಕೆಟ್. ಮುಂಭಾಗದಲ್ಲಿ ಅಚ್ಚಾದ ಕೋಳಿ, ಕ್ಯಾರೆಟ್ ಚಿತ್ರಗಳನ್ನು ಬಿಟ್ಟು ಹಿಂಭಾಗದ ಸಣ್ಣಕ್ಷರ ಓದಿ. ಅದು ಪೂರ್ಣ, ಸಮತೋಲಿತ ಆಹಾರವೋ, ಮೇಲೋಗರವೋ; ಮರಿಗೋ, ಬೆಳೆದ ನಾಯಿಗೋ; ಯಾವ ಮಾನದಂಡದಂತೆ ತಯಾರಾದದ್ದು ಎಂದು ಅಲ್ಲಿ ಬರೆದಿರಬೇಕು. ಬರೆದಿಲ್ಲದಿದ್ದರೆ ಅದನ್ನು ದಿನದ ಊಟವಾಗಿ ನೆಚ್ಚಬಾರದು. ಪ್ರೋಟೀನ್ ಅಂಕಿ ಹೋಲಿಸುವಾಗ ನೀರು ಕಳೆದು ಹೋಲಿಸಬೇಕು. 80% ನೀರಿರುವ ಡಬ್ಬಿ ಊಟದಲ್ಲಿ 8% ಪ್ರೋಟೀನ್ ಎಂದರೆ, ಉಳಿದ 20 ಪಾಲಿನಲ್ಲಿ 8, ಅಂದರೆ 40%. 10% ನೀರಿರುವ ಒಣ ಊಟದಲ್ಲಿ 22% ಎಂದರೆ 24% ಮಾತ್ರ. ಅಂಗಡಿಯಲ್ಲಿ ದೊಡ್ಡ ಚೀಲ ಬಿಚ್ಚಿಟ್ಟು ಕೆ.ಜಿ. ಲೆಕ್ಕದಲ್ಲಿ ತೂಗಿಕೊಡುವ ಊಟ ಅಗ್ಗವಾದರೂ ಬೇಡ. ಅದರ ಮೇಲಿನ ಕೊಬ್ಬು ಗಾಳಿಗೆ ಕಮಟುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಯಾವ ದಿನಾಂಕದ್ದೆಂದು ಯಾರಿಗೂ ಗೊತ್ತಿರುವುದಿಲ್ಲ.

ಪ್ಯಾಕೆಟ್ಟಿನ ಮೇಲೆ 'ಗ್ರೇನ್ ಫ್ರೀ' ಎಂದಿದ್ದರೆ ಹೆಚ್ಚು ಬೆಲೆ ಕೊಟ್ಟು ಕೊಳ್ಳುವವರು ಒಂದು ಪ್ರಕರಣ ತಿಳಿದಿರಬೇಕು. 2018ರ ಜುಲೈನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಒಂದು ಎಚ್ಚರಿಕೆ ಹೊರಡಿಸಿತು. ಹೃದಯದ ಸ್ನಾಯು ತೆಳುವಾಗಿ ಹಿಗ್ಗುವ ಕಾಯಿಲೆ, ಸಾಮಾನ್ಯವಾಗಿ ಡಾಬರ್‌ಮನ್‌ನಂಥ ಕೆಲವೇ ತಳಿಗಳಲ್ಲಿ ಕಾಣುವಂಥದ್ದು, ಗೋಲ್ಡನ್ ರಿಟ್ರೀವರ್‌ಗಳಲ್ಲೂ ಮಿಶ್ರತಳಿಗಳಲ್ಲೂ ಕಾಣಿಸತೊಡಗಿತ್ತು. ವರದಿಯಾದ ನಾಯಿಗಳಲ್ಲಿ ಬಹುಪಾಲು ತಿನ್ನುತ್ತಿದ್ದದ್ದು ಧಾನ್ಯ ತೆಗೆದು ಬಟಾಣಿ, ಮಸೂರ, ಆಲೂಗಡ್ಡೆ ತುಂಬಿದ ಊಟ. ಮರುವರ್ಷ ಆ ಇಲಾಖೆ 16 ಬ್ರ್ಯಾಂಡ್‌ಗಳ ಹೆಸರನ್ನೂ ಹೇಳಿತು. 2022ರ ನವೆಂಬರ್‌ವರೆಗೆ ಬಂದ ವರದಿಗಳು 1,382 ನಾಯಿಗಳದು. ಆ ವರ್ಷದ ಡಿಸೆಂಬರ್‌ನಲ್ಲಿ ಇಲಾಖೆ, ಈ ಅಂಕಿಗಳಿಂದ ಊಟವೇ ಕಾರಣ ಎಂದು ಸಾಬೀತಾಗುವುದಿಲ್ಲ, ಹೊಸ ವಿಜ್ಞಾನ ಸಿಗುವವರೆಗೆ ಮತ್ತೆ ವರದಿ ಹೊರಡಿಸುವುದಿಲ್ಲ ಎಂದು ನಿಲ್ಲಿಸಿತು.

ಇದರಿಂದ ಏನು ತಿಳಿಯಬೇಕು? ಸಾಬೀತಾಗಲಿಲ್ಲ, ಆದ್ದರಿಂದ ಭಯವೇ ಸುಳ್ಳು ಎಂದವರಿದ್ದಾರೆ. ಕಂಪನಿಗಳಿಗೆ ಸಲಹೆ ಕೊಡುವ ವೈದ್ಯರೇ ಎಬ್ಬಿಸಿದ ಗುಲ್ಲು ಎಂದವರೂ ಇದ್ದಾರೆ. ಆಗ ಬಹಳ ಮಂದಿ ವೈದ್ಯರು ಕೊಟ್ಟ ಸಲಹೆ ನನಗೆ ಇಂದಿಗೂ ವಿವೇಕದ್ದೆನಿಸುತ್ತದೆ: ಧಾನ್ಯ ಬಿಡುವುದರಿಂದ ನಾಯಿಗೆ ಲಾಭವಿದೆ ಎಂದು ಯಾರೂ ತೋರಿಸಿಲ್ಲ, ಹಾನಿಯ ಶಂಕೆ ಮಾತ್ರ ಇದೆ, ಹಾಗಿರುವಾಗ ಆ ಊಟವೇ ಏಕೆ? ಪುರಾವೆ ಅರ್ಧವಿದ್ದಾಗ ಲಾಭ-ನಷ್ಟ ತೂಗಿ ಹೇಳಿದ, ಕಾರಣವನ್ನೂ ಮುಚ್ಚಿಡದ ಮಾತು ಅದು.

ವೈದ್ಯರು ಕಂಪನಿಯ ಪರ ಎಂಬ ಶಂಕೆಗೆ ಆಧಾರವೇ ಇಲ್ಲವೆಂದಲ್ಲ. ರಾಯಲ್ ಕ್ಯಾನಿನ್, ಪೆಡಿಗ್ರಿಗಳ ಒಡೆತನವಿರುವ ಮಾರ್ಸ್ ಕಂಪನಿಯೇ ಅಮೆರಿಕದಲ್ಲಿ ಬ್ಯಾನ್‌ಫೀಲ್ಡ್, ವಿಸಿಎ ಎಂಬ ಪಶು ಆಸ್ಪತ್ರೆಗಳ ಸರಪಳಿಗೂ ಒಡೆಯ. ನಮ್ಮ ಊರುಗಳಲ್ಲಿ ಕ್ಲಿನಿಕ್ಕಿನ ಮುಂದಿನ ಕೋಣೆಯಲ್ಲೇ ಊಟದ ಚೀಲಗಳು ಮಾರಾಟಕ್ಕಿರುತ್ತವೆ. ಆದರೆ ಹಣ ಯಾರದು ಎಂಬುದು ಕೇಳಬೇಕಾದ ಪ್ರಶ್ನೆಯೇ ಹೊರತು ಅದೇ ತೀರ್ಪಲ್ಲ. ನಾಯಿಯ ಆಯಸ್ಸಿನ ಬಗ್ಗೆ ನಮಗೆ ತಿಳಿದಿರುವ ಅತ್ಯಂತ ಬೆಲೆಬಾಳುವ ಪಾಠ ಬಂದದ್ದು ಪ್ಯುರಿನಾ ಎಂಬ ಊಟದ ಕಂಪನಿಯ ಸಂಶೋಧನೆಯಿಂದ, ಅದೂ ಊಟ ಕಡಿಮೆ ಹಾಕಿ ಎಂಬ ಪಾಠ.

48 ಲ್ಯಾಬ್ರಡಾರ್ ಮರಿಗಳನ್ನು 24 ಜೋಡಿ ಮಾಡಿ, ಎಂಟು ವಾರದ ಮರಿಗಳಿದ್ದಾಗಿನಿಂದ ಸಾಯುವವರೆಗೆ ಗಮನಿಸಿದ ಅಧ್ಯಯನ ಅದು, 2002ರಲ್ಲಿ ಪ್ರಕಟವಾಯಿತು. ಜೋಡಿಯಲ್ಲಿ ಒಂದು ತಿಂದದ್ದಕ್ಕಿಂತ 25% ಕಡಿಮೆಯನ್ನು ಇನ್ನೊಂದಕ್ಕೆ ಕೊಟ್ಟರು. ಊಟ ಅದೇ, ಅಳತೆ ಮಾತ್ರ ಬೇರೆ. ಹೆಚ್ಚು ತಿಂದ ಗುಂಪಿನ ಮಧ್ಯಮ ಆಯಸ್ಸು 11.2 ವರ್ಷ, ಕಡಿಮೆ ತಿಂದ ಗುಂಪಿನದು 13. ಕೀಲುನೋವು, ಇತರ ದೀರ್ಘಕಾಲದ ಕಾಯಿಲೆಗಳು ತೆಳ್ಳಗಿದ್ದ ನಾಯಿಗಳಿಗೆ ತಡವಾಗಿ ಬಂದವು. ಹೆಚ್ಚು ತಿಂದ ಗುಂಪಿನವು ವಿಪರೀತ ಬೊಜ್ಜಿನವೂ ಆಗಿರಲಿಲ್ಲ, ನಮ್ಮ ಬೀದಿಗಳಲ್ಲಿ ಬೆಳಿಗ್ಗೆ ಕಾಣುವ ದುಂಡನೆಯ ಲ್ಯಾಬ್‌ಗಳಂತೆಯೇ ಇದ್ದವು. ಯಾವ ಬ್ರ್ಯಾಂಡ್ ಎಂದು ತಿಂಗಳುಗಟ್ಟಲೆ ಚರ್ಚಿಸುವ ನಾವು ಎಷ್ಟು ಗ್ರಾಂ ಎಂದು ಒಮ್ಮೆಯೂ ತೂಗದಿರುವುದು ನನಗೆ ದುಃಖ ತರಿಸುತ್ತದೆ.

ಲ್ಯಾಬ್ರಡಾರ್ ಸಾಕಿದವರಿಗೆ ಕಷ್ಟ ಇನ್ನಷ್ಟಿದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಎಲಿನರ್ ರಾಫನ್ ಮತ್ತು ಸಂಗಡಿಗರು 2016ರಲ್ಲಿ ಪಿಒಎಂಸಿ ಎಂಬ ಜೀನಿನಲ್ಲಿ ಒಂದು ಲೋಪ ಪತ್ತೆ ಮಾಡಿದರು. ಲ್ಯಾಬ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಅದಿದೆ. ಹೊಟ್ಟೆ ತುಂಬಿತು ಎಂಬ ಸುದ್ದಿ ಆ ನಾಯಿಯ ಮಿದುಳಿಗೆ ಸರಿಯಾಗಿ ಮುಟ್ಟುವುದಿಲ್ಲ. ತಟ್ಟೆಯ ಮುಂದೆ ಕುಳಿತು ನೋಡುವ ಆ ಕಣ್ಣುಗಳು ಸುಳ್ಳು ಹೇಳುತ್ತಿಲ್ಲ, ಅದಕ್ಕೆ ನಿಜವಾಗಿ ಹಸಿವಾಗುತ್ತಿದೆ. ಅದಕ್ಕೇ ಅಳತೆ ನಮ್ಮ ಕೈಯಲ್ಲಿರಬೇಕು.

ಅಳತೆಗೆ ಪಶುವೈದ್ಯರು ಬಳಸುವ ಸೂತ್ರ ಸರಳ. ಕೆ.ಜಿ.ಯಲ್ಲಿ ನಾಯಿಯ ತೂಕವನ್ನು 0.75ರ ಘಾತಕ್ಕೇರಿಸಿ 70ರಿಂದ ಗುಣಿಸಿದರೆ ಸುಮ್ಮನೆ ಮಲಗಿದ್ದಾಗ ಬೇಕಾಗುವ ಕ್ಯಾಲೊರಿ; ಸಂತಾನಹರಣವಾದ ಬೆಳೆದ ನಾಯಿಗೆ ಅದರ 1.6 ಪಟ್ಟು. 10 ಕೆ.ಜಿ. ನಾಯಿಗೆ ದಿನಕ್ಕೆ 630ರ ಸುಮಾರು, 30 ಕೆ.ಜಿ.ಗೆ 1,400ರ ಸುಮಾರು. ಅಪಾರ್ಟ್‌ಮೆಂಟಿನಲ್ಲಿ ಮಲಗಿಯೇ ಕಾಲ ಕಳೆಯುವ ನಾಯಿಗೆ ಇದೂ ಹೆಚ್ಚಾಗಬಹುದು. ಇದು ಆರಂಭದ ಅಂಕಿ, ಆಮೇಲೆ ತೂಕ ನೋಡಿ ತಿದ್ದಿಕೊಳ್ಳುವಂಥದ್ದು. ಮೇಲುತಿಂಡಿ ಇದರ ಹತ್ತನೇ ಒಂದು ಪಾಲು ಮೀರಬಾರದು. ಗ್ಲೂಕೋಸ್ ಬಿಸ್ಕತ್ತಿನಲ್ಲಿ 100 ಗ್ರಾಂಗೆ 450 ಕ್ಯಾಲೊರಿ, 10 ಕೆ.ಜಿ. ನಾಯಿಯ ದಿನದ ಮೇಲುತಿಂಡಿ 14 ಗ್ರಾಂ ಬಿಸ್ಕತ್ತಿಗೇ ಮುಗಿಯಿತು. ಬೆಳಗಿನ ಕಾಫಿ ಹೊತ್ತಿಗೆ ಮನೆಯ ನಾಲ್ವರು ಒಂದೊಂದು ಕೊಟ್ಟರೆ ಲೆಕ್ಕ ಮೀರುತ್ತದೆ.

ದೇಹಸ್ಥಿತಿ ನೋಡಲು ಯಂತ್ರ ಬೇಡ. ನಿಮ್ಮ ಮುಷ್ಟಿ ಕಟ್ಟಿ ಗೆಣ್ಣುಗಳ ಮೇಲೆ ಬೆರಳಾಡಿಸಿ. ನಾಯಿಯ ಪಕ್ಕೆಲುಬು ಹಾಗೆ ಸಿಕ್ಕರೆ ಅದು ಬಡಕಲು. ಕೈ ಚಾಚಿ ಹಿಂಗೈಯ ಮೂಳೆ ಮುಟ್ಟಿ; ಹಾಗಿದ್ದರೆ ಸರಿ. ಅಂಗೈಯ ಬುಡದಂತೆ ಒತ್ತಿ ಹುಡುಕಬೇಕಾಗಿ ಬಂದರೆ ದಪ್ಪ. ವೈದ್ಯರು ಇದನ್ನೇ 9 ಅಂಕಗಳ ಪಟ್ಟಿಯಲ್ಲಿ ಬರೆಯುತ್ತಾರೆ. 4-5 ಬಂದರೆ ಒಳ್ಳೆಯದು. ಪ್ರತಿ ಭೇಟಿಯಲ್ಲೂ ಆ ಅಂಕ ಕೇಳಿ ಪಡೆಯಿರಿ. ಜಾಗತಿಕ ಸಾಕುಪ್ರಾಣಿ ಪಶುವೈದ್ಯರ ಸಂಘ 2011ರಲ್ಲೇ ಉಷ್ಣಾಂಶ, ನಾಡಿ, ಉಸಿರು, ನೋವುಗಳ ಜೊತೆಗೆ ಪೋಷಣೆಯನ್ನೂ ಪ್ರತಿ ಭೇಟಿಯಲ್ಲಿ ನೋಡಬೇಕಾದ ಐದನೆಯ ಅಂಶವೆಂದು ಸೇರಿಸಿದೆ.

ವೈದ್ಯರ ಮಾತನ್ನು ಚೌಕಾಸಿಯಿಲ್ಲದೆ ಪಾಲಿಸಬೇಕಾದ ಸಂದರ್ಭಗಳೂ ಇವೆ. ರೋಗಕ್ಕೆಂದು ಬರೆದ ಪಥ್ಯ ಅಂಥದ್ದು. ಅದರ ಇತಿಹಾಸವೇ ಒಂದು ನಾಯಿಯ ಮೇಲಿನ ಅಕ್ಕರೆಯಿಂದ ಹುಟ್ಟಿತು. 1930ರ ದಶಕದ ಕೊನೆಯಲ್ಲಿ ಅಂಧ ಯುವಕ ಮಾರಿಸ್ ಫ್ರಾಂಕ್ ತನ್ನ ಮಾರ್ಗದರ್ಶಿ ನಾಯಿ ಬಡಿಯ ಮೂತ್ರಪಿಂಡದ ಕಾಯಿಲೆಗೆ ಮಾರ್ಕ್ ಮಾರಿಸ್ ಎಂಬ ಪಶುವೈದ್ಯರ ಬಳಿ ಹೋದಾಗ, ಅವರು ಪ್ರೋಟೀನ್, ಉಪ್ಪು ತಗ್ಗಿಸಿದ ಊಟ ತಯಾರಿಸಿ ಗಾಜಿನ ಜಾಡಿಗಳಲ್ಲಿ ಕಳಿಸತೊಡಗಿದರು. 1948ರಲ್ಲಿ ಅದೇ ಡಬ್ಬಿಗೆ ಬಂದು ಹಿಲ್ಸ್ ಕಂಪನಿಯ ವೈದ್ಯ-ಪಥ್ಯದ ಸಾಲಾಯಿತು. ಆ ಬಗೆಯ ಊಟ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಮಿನ್ನೆಸೋಟ ವಿಶ್ವವಿದ್ಯಾಲಯದವರು ಮೂತ್ರಪಿಂಡ ಕೆಟ್ಟ 38 ನಾಯಿಗಳಲ್ಲಿ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ಪಥ್ಯದ ನಾಯಿಗಳು ಹೆಚ್ಚು ಕಾಲ ಬದುಕಿದವು. ಮೂತ್ರಪಿಂಡದ ಕಾಯಿಲೆ, ಮೇದೋಜೀರಕ ಗ್ರಂಥಿಯ ಉರಿಯೂತ, ಮೂತ್ರಕೋಶದ ಕಲ್ಲು ಇರುವಾಗ, ಪಾಪ ಸಪ್ಪೆ ಊಟ ಎಂದು ಚಿಕನ್ ಬೆರೆಸುವುದು ಪ್ರೀತಿಯಾದರೂ ನಾಯಿಗೆ ಮುಳುವು.

ತುರಿಕೆಗೂ ಹೀಗೆಯೇ. ಆಹಾರದ ಅಲರ್ಜಿ ಇದೆಯೇ ಎಂದು ತಿಳಿಯಲು ಕೂದಲು, ಎಂಜಲಿನ ಪರೀಕ್ಷೆಗಳು ನಂಬಲರ್ಹವಲ್ಲ. ನಾಯಿ ಹಿಂದೆಂದೂ ತಿಂದಿರದ ಮಾಂಸವನ್ನೋ, ಅದಕ್ಕೆಂದೇ ಒಡೆದು ಸಣ್ಣದಾಗಿಸಿದ ಪ್ರೋಟೀನಿನ ಊಟವನ್ನೋ 8 ವಾರ ಹಾಕಿ, ಮತ್ತೆ ಹಳೆಯ ಊಟ ಹಾಕಿ ತುರಿಕೆ ಮರಳುತ್ತದೆಯೇ ಎಂದು ನೋಡುವುದೊಂದೇ ದಾರಿ. ಆರನೆಯ ವಾರದಲ್ಲಿ ಮನೆಗೆ ಬಂದ ನೆಂಟರು ಕೊಟ್ಟ ಒಂದು ಬಿಸ್ಕತ್ತು ಅಷ್ಟೂ ದಿನಗಳ ಶ್ರಮ ಹಾಳು ಮಾಡುತ್ತದೆ. ಇಂಥ ಸಲಹೆಗೆ ಕಾರಣವೂ ಇದೆ, ಅಳತೆಯೂ ಇದೆ, ಅವಧಿಯೂ ಇದೆ. "ಅಲರ್ಜಿ ಇರಬಹುದು, ಈ ಚೀಲ ತಗೊಳ್ಳಿ" ಎಂಬುದರಲ್ಲಿ ಮೂರೂ ಇಲ್ಲ.

ನಮ್ಮ ವೈದ್ಯರ ಕಷ್ಟವನ್ನೂ ನೋಡಬೇಕು. 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಿಂದ ಹಿಡಿದು ನಾಡಿನ ಎಲ್ಲ ಕಾಲೇಜುಗಳಲ್ಲೂ ಪೋಷಣೆಯ ಪಾಠದ ಹೆಚ್ಚಿನ ಪಾಲು ಹಸು, ಎಮ್ಮೆ, ಕುರಿ, ಕೋಳಿಗಳದ್ದು. ರೈತನ ಬದುಕು ಅವುಗಳ ಮೇಲೆ ನಿಂತಿರುವಾಗ ಅದು ಸರಿಯೇ. ಆಡುಗೋಡಿಯಲ್ಲಿ ರಾಷ್ಟ್ರೀಯ ಪಶು ಪೋಷಣಾ ಮತ್ತು ಶರೀರಕ್ರಿಯಾ ಸಂಸ್ಥೆಯೇ ಇದೆ. ಅದರ ಮುಖ್ಯ ಕಾಳಜಿಯೂ ಜಾನುವಾರು. ನಾಯಿಯ ಪೋಷಣೆಯಲ್ಲೇ ವಿಶೇಷ ತರಬೇತಿ ಪಡೆದವರು ಬಹಳ ಕಡಿಮೆ. ಆದ್ದರಿಂದ "ಇದು ನನಗೆ ಪೂರ್ತಿ ಗೊತ್ತಿಲ್ಲ, ಓದಿ ಹೇಳುತ್ತೇನೆ" ಎನ್ನುವ ವೈದ್ಯರು ಸಿಕ್ಕರೆ ಅವರನ್ನು ಬಿಡಬೇಡಿ. ಪ್ರಶ್ನೆ ಕೇಳಿದ್ದಕ್ಕೇ ಮುಖ ಗಂಟಿಕ್ಕುವವರಿದ್ದರೆ ಎರಡನೆಯವರ ಅಭಿಪ್ರಾಯ ಪಡೆಯಲು ಸಂಕೋಚ ಬೇಡ.

ತಾಲ್ಲೂಕು ಕೇಂದ್ರದ ಸರ್ಕಾರಿ ಪಶು ಆಸ್ಪತ್ರೆಯೊಂದೇ ಗತಿಯಾದ ಊರಿನಲ್ಲೂ ಇಷ್ಟನ್ನು ಮಾಡಬಹುದು. ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನಿಮ್ಮ ತೂಕ ಕಳೆಯಿರಿ. ಎತ್ತಲಾಗದ ನಾಯಿಯನ್ನು ಮಂಡಿ ಅಂಗಡಿಯ ತಕ್ಕಡಿಯಲ್ಲಿ ನಿಲ್ಲಿಸಿ. ಎರಡು ವಾರಕ್ಕೊಮ್ಮೆ ಅದನ್ನು ಬರೆದಿಡಿ. ಏನೇನು ಎಷ್ಟು ಗ್ರಾಂ ಹಾಕುತ್ತೀರಿ, ಮನೆಯವರೆಲ್ಲ ಕೊಡುವ ಮೇಲುತಿಂಡಿ ಯಾವುದು ಎಂಬುದನ್ನೂ ಸೇರಿಸಿ. ಆಸ್ಪತ್ರೆಗೆ ಹೋಗುವಾಗ ಆ ಹಾಳೆ, ಊಟದ ಪ್ಯಾಕೆಟ್ಟಿನ ಹಿಂಭಾಗದ ಫೋಟೊ, ಜಂತುಹುಳು ನೋಡಲು ತಾಜಾ ಮಲದ ಮಾದರಿ ಒಯ್ಯಿರಿ. ಊಟ ಬದಲಿಸಲು ಹೇಳಿದರೆ ಒಂದೇ ದಿನ ಬದಲಿಸದೆ ಏಳರಿಂದ ಹತ್ತು ದಿನಗಳಲ್ಲಿ ಹಳೆಯದನ್ನು ತಗ್ಗಿಸುತ್ತ ಹೊಸದನ್ನು ಏರಿಸಿ, ಇಲ್ಲವಾದರೆ ಭೇದಿಯಾಗುತ್ತದೆ. ದಪ್ಪ ನಾಯಿಯ ತೂಕ ತಿಂಗಳಾದರೂ ಇಳಿಯದಿದ್ದರೆ ಊಟವನ್ನು ಹತ್ತನೇ ಒಂದು ಪಾಲು ತಗ್ಗಿಸಿ ಮತ್ತೆ ತೂಗಿ. ಅದಕ್ಕೂ ಜಗ್ಗದಿದ್ದರೆ, ಮೇಲುತಿಂಡಿ ಯಾರೂ ಕೊಡುತ್ತಿಲ್ಲವೆಂದು ಖಚಿತವಾಗಿದ್ದರೆ, ಥೈರಾಯ್ಡ್ ಪರೀಕ್ಷೆ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಿ.